ಅಮ್ಮ ಒಬ್ಬರೇ ಇರುವ ಮನೆಗೆ ಕ್ಯಾಮೆರಾ: ಹಾಕಿಸಿದವರು, ತೆಗೆಸಿದವರು ಹೇಳಿ

ಹೇಮಾವತಿನಗರದ ಮಗಳು
ಹಾಸನದ ಮನೆಯಲ್ಲಿ ಅಮ್ಮ ಒಬ್ಬರೇ ಇದ್ದಾರೆ. ನಾನು ಬೆಂಗಳೂರಿನಲ್ಲಿ, ಅಣ್ಣ ಪುಣೆಯಲ್ಲಿ. ಹೋದ ತಿಂಗಳು ಅಮ್ಮ ಬಚ್ಚಲುಮನೆಯಲ್ಲಿ ಜಾರಿ ಬಿದ್ದರು. ಪೆಟ್ಟು ಜಾಸ್ತಿ ಆಗಲಿಲ್ಲ. ಆದರೆ ಪಕ್ಕದ ಮನೆಯವರಿಗೆ ಗೊತ್ತಾಗುವಷ್ಟರಲ್ಲಿ ಮಧ್ಯಾಹ್ನ ಆಗಿತ್ತು. ಹಾಲ್‌ಗೆ ಒಂದು, ಅಡುಗೆಮನೆಗೆ ಒಂದು ತಿರುಗುವ ವೈಫೈ ಕ್ಯಾಮೆರಾ ಹಾಕೋಣ ಅಂತಾನೆ ಅಣ್ಣ. ಒಂದಕ್ಕೆ 2,500 ರೂಪಾಯಿ ಒಳಗೇ ಸಿಗುತ್ತೆ. ಅಮ್ಮ ಮಾತ್ರ "ಇನ್ನು ಸೆರಗು ಸರಿಮಾಡ್ಕೊಂಡೇ ಒಲೆ ಮುಂದೆ ನಿಲ್ಬೇಕಾ?" ಅಂತ ಕೇಳಿದರು. ಕೆಲಸಕ್ಕೆ ಬರುವ ಅಕ್ಕ, ಕ್ಯಾಮೆರಾ ಬಂದರೆ ನಾನು ಬರೋಲ್ಲ ಅಂದಿದ್ದಾರೆ. ವೈರ್ ಎಳೆದು ಹಾಕಿಸಿದರೆ ವಿಡಿಯೊ ಮನೆಯಲ್ಲೇ ಇರುತ್ತೆ ಅಂತಾರೆ ಕೆಲವರು. ಅನುಭವ ಇರುವವರು ದಯವಿಟ್ಟು ಹೇಳಿ.

ಆಲ್ದೂರು ಕಣ
ವೈಫೈ ಕ್ಯಾಮೆರಾ ಸಹವಾಸವೇ ಬೇಡ ಮಾರಾಯ್ರೇ. ನಮ್ಮ ತೋಟದ ಮನೆಗೆ, ಕಾಫಿ ಕಣಕ್ಕೆ ಸೇರಿ ನಾಲ್ಕು ಪಿಓಇ ಕ್ಯಾಮೆರಾ (ಕರೆಂಟ್, ವಿಡಿಯೊ ಎರಡೂ ಒಂದೇ ಕೇಬಲ್‌ನಲ್ಲಿ) ಹಾಕಿಸಿದ್ದೇನೆ. ಇಂಟರ್ನೆಟ್‌ಗೆ ಒಂದು ಎಳೆ ವೈರೂ ಹೋಗಿಲ್ಲ. ಲೆಕ್ಕ ಬರೆದಿಟ್ಟಿದ್ದೇನೆ, ನೋಡಿ. ಕ್ಯಾಮೆರಾ 2,650ರಂತೆ 10,600. ರೆಕಾರ್ಡ್ ಮಾಡುವ ಡಬ್ಬಿ, ಅಂದರೆ ಎನ್‌ವಿಆರ್ 6,200. ಕೇಬಲ್ ಎಲ್ಲ ಬಂದು ಸೇರುವ ನೆಟ್‌ವರ್ಕ್ ಸ್ವಿಚ್ 3,400. ಕ್ಯಾಟ್-6 ಕೇಬಲ್ 305 ಮೀಟರ್ ಬಾಕ್ಸ್ 7,800. 2 ಟಿಬಿ ಹಾರ್ಡ್‌ಡಿಸ್ಕ್ 5,900. ಯುಪಿಎಸ್ 3,200. ಕೂಲಿ 6,000. ಒಟ್ಟು 43,100.

ಇಷ್ಟಕ್ಕೇ ಮುಗಿಯಲಿಲ್ಲ. ಏಪ್ರಿಲ್ ಮಳೆಗೆ ಸಿಡಿಲು ಹೊಡೆದು ಕಣದ ಎರಡು ಕ್ಯಾಮೆರಾ, ಮನೆಯೊಳಗಿನ ಸ್ವಿಚ್ ಎಲ್ಲ ಸುಟ್ಟವು. ಇನ್ನೊಂದು 8,700. ತಾಮ್ರದ ಕೇಬಲ್ ಕಣದಿಂದ ಮನೆವರೆಗೆ ಇದ್ದರೆ ಸಿಡಿಲಿಗೆ ನಾವೇ ದಾರಿ ಮಾಡಿಕೊಟ್ಟ ಹಾಗೆ. ಅಲ್ಲದೆ ಪಿಓಇ 100 ಮೀಟರ್ ದಾಟಿದರೆ ನಂಬಿಕೆ ಇಲ್ಲ. ಈಗ ಫೈಬರ್ ಎಳೆಸಿದ್ದೇನೆ, ಎರಡು ತುದಿಗೆ ಫೈಬರನ್ನು ಮಾಮೂಲಿ ಕೇಬಲ್‌ಗೆ ಜೋಡಿಸುವ ಮೀಡಿಯಾ ಕನ್ವರ್ಟರ್. ಅದಕ್ಕೆ 4,500. ಗಾಜಿನ ಎಳೆಯಲ್ಲಿ ಕರೆಂಟ್ ಹರಿಯೋಲ್ಲ.

ಅಂಗಡಿಯವನು ಮೊದಲು ಕಂಪ್ಯೂಟರ್‌ಗೆ ಹಾಕುವ ಮಾಮೂಲಿ ಡಿಸ್ಕ್ ಹಾಕಿದ್ದ. ಹಗಲೂ ರಾತ್ರಿ ಬರೆಯುವ ಕೆಲಸ ಅದರದ್ದಲ್ಲ. ಮಳೆಗಾಲ ಮುಗಿಯುವುದರೊಳಗೆ ಕಟಕಟ ಶುರು. ಸರ್ವೇಲನ್ಸ್ ಡಿಸ್ಕ್ ಅಂತ ಬೇರೆಯೇ ಬರುತ್ತೆ, ಅದನ್ನೇ ಕೇಳಿ. ಜೂನ್‌ನಿಂದ ಆಗಸ್ಟ್‌ವರೆಗೆ ಮಂಜು ಬೇರೆ. ಕತ್ತಲಲ್ಲಿ ನೋಡೋಕೆ ಕ್ಯಾಮೆರಾ ಬಿಡುವ ಐಆರ್ ಬೆಳಕೇ ಮಂಜಿಗೆ ಬಡಿದು ವಾಪಸ್ ಬಂದು ಪರದೆ ಪೂರ್ತಿ ಬೆಳ್ಳಗೆ. ಆ ಬೆಳಕಿಗೆ ಹುಳ ಬರುತ್ತೆ, ಹುಳಕ್ಕೆ ಜೇಡ ಬರುತ್ತೆ, ಲೆನ್ಸ್ ಮೇಲೇ ಬಲೆ. ಕ್ಯಾಮೆರಾದ ಐಆರ್ ಆಫ್ ಮಾಡಿ, ಮೂರು ಮೊಳ ದೂರದಲ್ಲಿ ಬೇರೆ ಐಆರ್ ದೀಪ ಹಾಕಿಸಿದೆ. 1,350 ರೂಪಾಯಿ. ಅಲ್ಲಿಗೆ ಸರಿಹೋಯಿತು.

ಜ್ಯೋತಿನಗರದಾಕೆ
ಚಿಕ್ಕಮಗಳೂರಿನಿಂದ. ನಮ್ಮದು ಆ 2,500 ರೂಪಾಯಿ ಕ್ಯಾಮೆರಾದ ಕಥೆಯೇ. ಕೆನಡಾದಲ್ಲಿರುವ ಮೈದುನ ರಜೆಗೆ ಬಂದಾಗ ಅತ್ತೆಯನ್ನು ನೋಡಿಕೊಳ್ಳೋಕೆ ಅಂತ ಹಾಲ್‌ನಲ್ಲಿ ಇಟ್ಟು ಹೋದ. ಊಟದ ಮೇಜು, ಅಡುಗೆಮನೆ ಬಾಗಿಲು ಎರಡೂ ಕಾಣೋ ಹಾಗೆ. ಸ್ವಲ್ಪ ದಿನಕ್ಕೆ ಓರಗಿತ್ತಿ ಫೋನ್‌ನಲ್ಲಿ, "ಒತ್ತು ಶಾವಿಗೆ ಮಾಡಿದ್ರಂತೆ, ಅತ್ತೆಗೆ ಎರಡೇ ಉಂಡೆ ಹಾಕಿದ್ರಂತೆ" ಅಂದಳು. ನನಗೆ ಮೈ ಉರಿದುಹೋಯಿತು! ಅವಳ ತಂಗಿ ಫೋನ್‌ನಲ್ಲೂ ಆ್ಯಪ್ ಇತ್ತಂತೆ. ಕ್ಯಾಮೆರಾದಲ್ಲಿ ಮೈಕೂ ಇರುತ್ತೆ ಅಲ್ವಾ, ನಾನೂ ನಮ್ಮ ಯಜಮಾನರೂ ಜಗಳ ಆಡಿದ್ದು ಕೂಡ ಟೊರೊಂಟೊದಲ್ಲಿ ಚರ್ಚೆ ಆಗಿದೆ.

ನನ್ನ ಫೋನ್‌ನಿಂದ ಅವರನ್ನೆಲ್ಲ ತೆಗೆಯೋಣ ಅಂದರೆ ಆಗೋಲ್ಲ. ಮೊದಲು ಜೋಡಿಸಿದವನೇ ಓನರ್. ಮನೆ ನಮ್ಮದು, ಕರೆಂಟ್ ಬಿಲ್ ನಮ್ಮದು, ವೈಫೈ ನಮ್ಮದು, ಯಜಮಾನಿಕೆ ಮಾತ್ರ ಕೆನಡಾದವನದ್ದು. ಪಾಸ್‌ವರ್ಡ್ ಬದಲಾಯಿಸು ಅಂದರೆ "ನಂಬಿಕೆ ಇಲ್ವಾ ಅತ್ತಿಗೆ" ಅಂತ ರಾಗ. ಕೊನೆಗೆ ಪಿನ್ ಚುಚ್ಚಿ ರೀಸೆಟ್ ಮಾಡಿದೆ. ಆದರೂ ಅವನ ಅಕೌಂಟ್‌ನಿಂದ ಬಿಡುಗಡೆ ಆಗದೆ ಹೊಸ ಅಕೌಂಟ್‌ಗೆ ಸೇರಲಿಲ್ಲ. ಎಸ್‌ಡಿ ಕಾರ್ಡ್ ತೆಗೆದು ಕಂಪ್ಯೂಟರ್‌ಗೆ ಹಾಕಿದರೆ ಎಲ್ಲ ವಿಡಿಯೊ ಯಾವ ಪಾಸ್‌ವರ್ಡೂ ಇಲ್ಲದೆ ಓಡುತ್ತಿವೆ. ಕ್ಯಾಮೆರಾ ಕದ್ದವನಿಗೆ ಸಿನಿಮಾ ಫ್ರೀ. ಈಗ ಅದು ಅಟ್ಟದ ಮೇಲಿದೆ, ಬೇಕಾದವರು ಬಂದು ತೆಗೆದುಕೊಂಡು ಹೋಗಿ.

ಕೇಬಲ್ ಹಾಸನ
ಇದೇ ಕೆಲಸ ಮಾಡುವವನು ನಾನು, ಬಿಎಂ ರಸ್ತೆ ಕಡೆ. ಅಕ್ಕಾ, ಅದು ಕ್ಯಾಮೆರಾ ತಪ್ಪಲ್ಲ, ಮೈದುನನ ತಪ್ಪು. ಒಂದು ಮಾತು ಹೇಳ್ತೀನಿ ಕಣ್ರೀ. ನಾವು ಹಾಕುವಾಗ ಡೀಫಾಲ್ಟ್ ಪಾಸ್‌ವರ್ಡ್ ಬದಲಾಯಿಸಿ ಅಂತೀವಿ. ಗಿರಾಕಿ "ಅದೆಲ್ಲ ನೀನೇ ಏನೋ ಹಾಕಪ್ಪ" ಅಂತಾರೆ. ಆಮೇಲೆ ಮರೆತು ನಮಗೇ ಫೋನ್ ಮಾಡ್ತಾರೆ, ಅದೂ ರಾತ್ರಿ. 2016ರಲ್ಲಿ ಮಿರಾಯ್ ಅನ್ನೋ ವೈರಸ್ ಬಂದಿತ್ತು. ಫ್ಯಾಕ್ಟರಿಯ ಪಾಸ್‌ವರ್ಡ್ ಬದಲಾಯಿಸದ ಕ್ಯಾಮೆರಾ, ರೂಟರ್‌ಗಳನ್ನೇ ಹುಡುಕಿ ಹಿಡಿದು ಅಮೆರಿಕದ ದೊಡ್ಡ ದೊಡ್ಡ ವೆಬ್‌ಸೈಟ್ ಮಲಗಿಸಿತು. ಈಗ ಸರ್ಕಾರ 2025ರ ಏಪ್ರಿಲ್‌ನಿಂದ ಸಿಸಿಟಿವಿಗೆ ಸುರಕ್ಷತೆ ಪರೀಕ್ಷೆ ಕಡ್ಡಾಯ ಮಾಡಿದೆ. ಹೊಸ ಮಾಲಿಗೆ ರೇಟ್ ಏರಿದೆ, ಗಿರಾಕಿ ನಮ್ಮನ್ನು ಬೈತಾರೆ.

ಜ್ಯೋತಿನಗರದಾಕೆ
ಹಾಗಾದರೆ ನೀವು ಹಾಕಿದ ಮನೆಗಳ ಪಾಸ್‌ವರ್ಡ್ ಎಲ್ಲ ನಿಮ್ಮ ಹತ್ತಿರ ಇದೆ ಅಂತಾಯ್ತು.

ಕೇಬಲ್ ಹಾಸನ
ಬರೆದಿಟ್ಟಿರ್ತೀವಿ ಮೇಡಂ, ಸರ್ವಿಸ್‌ಗೆ ಬೇಕಲ್ಲ. ಅದಕ್ಕೇ ಕಳ್ಳರು ಅಂತೀರಾ? ಡಾಕ್ಟರ್ ಹತ್ತಿರ ನಿಮ್ಮ ರಿಪೋರ್ಟ್ ಇರೋಲ್ವಾ?

ಸಾಲಗಾಮೆ ರಸ್ತೆ ಮೇಷ್ಟ್ರು
ಡಾಕ್ಟರ್ ಮನೆಯೊಳಗೆ ಇಣುಕಿ ನೋಡೋಲ್ಲ. ನಾನು ನಿವೃತ್ತ ಶಿಕ್ಷಕ. ಕ್ಯಾಮೆರಾ ಹಾಕಿಸಿಲ್ಲ, ಹಾಕಿಸೋಲ್ಲ. ಅಮೆಜಾನ್‌ನ ರಿಂಗ್ ಕ್ಯಾಮೆರಾ ಗೊತ್ತಲ್ಲ? ಕಂಪನಿಯ ನೌಕರರೇ ಗ್ರಾಹಕರ ಮನೆಯೊಳಗಿನ ವಿಡಿಯೊ ನೋಡಬಹುದಿತ್ತು ಅಂತ ಅಮೆರಿಕದ ವ್ಯಾಪಾರ ಆಯೋಗ ಕೇಸ್ ಹಾಕಿ, 2023ರಲ್ಲಿ 58 ಲಕ್ಷ ಡಾಲರ್ ಕಟ್ಟಿಸಿತು. 2024ರಲ್ಲಿ ವೈಜ್ ಅನ್ನೋ ಕ್ಯಾಮೆರಾ ಕಂಪನಿಯ ಸುಮಾರು 13,000 ಗ್ರಾಹಕರಿಗೆ ಬೇರೆಯವರ ಮನೆಯ ಚಿತ್ರ ಕಾಣಿಸಿತು. ಇದು ಹ್ಯಾಕರ್ ಮಾಡಿದ್ದಲ್ಲ. ಸರ್ವರ್ ಕೆಟ್ಟು ಸರಿಹೋಗುವಾಗ ಯಾರ ಚಿತ್ರ ಯಾರಿಗೆ ಅನ್ನೋದೇ ಅದಲು ಬದಲಾಯಿತು.

ನನ್ನ ಸಿಟ್ಟು ಬೇರೆಯದು. ಮಗ ಸ್ಮಾರ್ಟ್ ಟಿವಿ ಕೊಡಿಸಿದ, 31,990 ರೂಪಾಯಿ. ಆನ್ ಮಾಡಿದರೆ ಒಪ್ಪಿಗೆ ಪತ್ರ. ಇಂಗ್ಲಿಷ್‌ನಲ್ಲಿ, ಇರುವೆ ಸಾಲಿನಂಥ ಅಕ್ಷರ. ಒಪ್ಪದಿದ್ದರೆ ಮುಂದಕ್ಕೆ ಹೋಗೋಲ್ಲ. ಪರದೆ ಮೇಲೆ ಏನು ಬರುತ್ತಿದೆ ಅಂತ ಟಿವಿಯೇ ಗುರುತು ಹಿಡಿದು ಕಂಪನಿಗೆ ಕಳಿಸುತ್ತೆ, ಎಸಿಆರ್ ಅಂತಾರೆ. ವಿಜಿಯೊ ಕಂಪನಿ ಇದಕ್ಕೇ 2017ರಲ್ಲಿ ಅಮೆರಿಕದಲ್ಲಿ 22 ಲಕ್ಷ ಡಾಲರ್ ಕೊಟ್ಟಿತು. ನನ್ನ ಟಿವಿಯಲ್ಲಿ ಅದನ್ನು ಆಫ್ ಮಾಡುವ ಜಾಗ ಹುಡುಕೋಕೆ ಮೊಮ್ಮಗ ಬರಬೇಕಾಯಿತು, 'ವೀಕ್ಷಣೆ ಮಾಹಿತಿ' ಅಂತ ಮೆನುವಿನ ತಳದಲ್ಲಿ ಕೂತಿತ್ತು. ಸಾಫ್ಟ್‌ವೇರ್ ಅಪ್‌ಡೇಟ್ ಆದ ಮೇಲೆ ಮತ್ತೆ ಆನ್ ಆಗಿತ್ತು! ಈಗ ಟಿವಿಗೆ ವೈಫೈ ಕೊಟ್ಟಿಲ್ಲ. ಚಂದನ ನೋಡ್ತೇನೆ, ಸಾಕು.

ಅಂಗಡಿಯಲ್ಲಿ ಉಪ್ಪಿನ ಪ್ಯಾಕೆಟ್‌ಗೂ ಫೋನ್ ನಂಬರ್ ಕೇಳ್ತಾರೆ. ನಂಬರ್ ಕೊಡಲೇಬೇಕು ಅಂತ ಒತ್ತಾಯ ಮಾಡಬೇಡಿ ಅಂತ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರಲ್ಲೇ ಹೇಳಿದೆ. ಕೌಂಟರ್ ಹುಡುಗಿ "ನಂಬರ್ ಹಾಕದಿದ್ರೆ ಬಿಲ್ ಬರಲ್ಲ ಅಂಕಲ್" ಅಂತಾಳೆ. ಉಪ್ಪು ಅಲ್ಲೇ ಇಟ್ಟು ಬಂದೆ.

ಮೂಡಿಗೆರೆ ಹೋಮ್‌ಸ್ಟೇ
ಎಲ್ಲರೂ ಕ್ಯಾಮೆರಾ ಕೆಟ್ಟದ್ದು ಅಂತ ಬರೆದು ಬರೆದು ನಮ್ಮ ಹೊಟ್ಟೆ ಮೇಲೆ ಹೊಡೀತಿದ್ದೀರಿ. ನಮ್ಮಲ್ಲಿ ಗೇಟ್‌ಗೆ ಒಂದು, ಪಾರ್ಕಿಂಗ್‌ಗೆ ಒಂದು, ಅಷ್ಟೇ. ಎರಡಕ್ಕೂ ಬೋರ್ಡ್ ಇದೆ. ಆದರೂ ಬರುವವರು ಮೊದಲು ರೂಮಿನ ಲೈಟ್ ಆರಿಸಿ ಟಾರ್ಚ್ ಹಿಡಿದು ಗಡಿಯಾರ, ಹೊಗೆ ಅಲಾರಂ, ಚಾರ್ಜರ್ ಎಲ್ಲ ತಡಕಾಡ್ತಾರೆ. ಒಬ್ಬರು ಅಲಾರಂ ಬಿಚ್ಚಿಯೇ ಹಾಕಿದರು, 900 ರೂಪಾಯಿ ನನಗೆ ನಷ್ಟ. ಇನ್ನೊಬ್ಬರು ಇಲಿ ಓಡಿಸುವ ಯಂತ್ರದ ಕೆಂಪು ದೀಪ ನೋಡಿ ರಾತ್ರೋರಾತ್ರಿ ಗಲಾಟೆ ಮಾಡಿ ಒಂದೇ ನಕ್ಷತ್ರದ ವಿಮರ್ಶೆ ಬರೆದರು. ಈಗ ಇಲಿಯೂ ಇದೆ, ವಿಮರ್ಶೆಯೂ ಇದೆ.

ಸಾಲಗಾಮೆ ರಸ್ತೆ ಮೇಷ್ಟ್ರು
ಹುಡುಕಲಿ ಬಿಡಿ, ಅದು ಅವರ ಹಕ್ಕು. ಖಾಸಗಿ ಜಾಗದಲ್ಲಿ ಹೆಣ್ಣುಮಕ್ಕಳ ಚಿತ್ರ ಕದ್ದು ತೆಗೆದರೆ ಭಾರತೀಯ ನ್ಯಾಯ ಸಂಹಿತೆ 77ನೇ ಸೆಕ್ಷನ್, ಜೊತೆಗೆ ಐಟಿ ಕಾಯ್ದೆಯ 66ಇ. ಖಾಸಗಿತನ ಮೂಲಭೂತ ಹಕ್ಕು ಅಂತ 2017ರಲ್ಲಿ ಸುಪ್ರೀಂ ಕೋರ್ಟ್‌ನ ಒಂಬತ್ತು ನ್ಯಾಯಮೂರ್ತಿಗಳು ಹೇಳಿದ್ದಾರೆ. ಆ ಕೇಸ್ ಹಾಕಿದ ಪುಟ್ಟಸ್ವಾಮಿಯವರು ನಮ್ಮ ಕರ್ನಾಟಕ ಹೈಕೋರ್ಟ್‌ನಲ್ಲೇ ನ್ಯಾಯಮೂರ್ತಿ ಆಗಿದ್ದವರು.

ಮೂಡಿಗೆರೆ ಹೋಮ್‌ಸ್ಟೇ
ಪಾಠ ಬೇಡ ಮೇಷ್ಟ್ರೇ, 900 ರೂಪಾಯಿ ಯಾರು ಕೊಡ್ತಾರೆ ಹೇಳಿ.

ಅರೇಹಳ್ಳಿ ಹುಡುಗ
ಆಲ್ದೂರು ಅಣ್ಣನಿಗೆ ಒಂದು ಪ್ರಶ್ನೆ. ನಿಮ್ಮ ಕಣದ ಕ್ಯಾಮೆರಾದಲ್ಲಿ ಲೈನ್ ಮನೆ (ತೋಟದ ಕೆಲಸದವರ ಸಾಲುಮನೆ) ಬಾಗಿಲು ಕಾಣುತ್ತಾ? ನಾನು ಲೈನ್ ಮನೆಯಲ್ಲೇ ಬೆಳೆದವನು. ನಮ್ಮ ಅವ್ವ ಕೆಲಸ ಮಾಡುವ ತೋಟದಲ್ಲಿ ಕಾಫಿ ಕಳ್ಳತನಕ್ಕೆ ಅಂತ ಕ್ಯಾಮೆರಾ ಹಾಕಿದರು. ಅದು ನೋಡುತ್ತಿರುವುದು ನೀರಿನ ತೊಟ್ಟಿಯನ್ನು. ಹೆಂಗಸರು ಅಲ್ಲೇ ಬಟ್ಟೆ ಒಗೆಯೋದು, ಕಾಲು ತೊಳೆಯೋದು. ತೋಟದ ಲೆಕ್ಕ ನೋಡುವ ರೈಟರ್ ಫೋನ್‌ನಲ್ಲಿ ಅದು ಲೈವ್ ಬರುತ್ತೆ. ಕೇಳಿದ್ದಕ್ಕೆ "ಕದಿಯದವರಿಗೆ ಏನು ಭಯ" ಅಂದರು. ಅವರ ಬೆಡ್‌ರೂಮಿಗೂ ಒಂದು ಹಾಕಲಿ, ಅವರೂ ಕದಿಯೋಲ್ಲ ಅಲ್ವಾ?

ಆಲ್ದೂರು ಕಣ
ನೋಡಪ್ಪಾ, ಚೀಲ ಕಾಫಿ ಎಷ್ಟಕ್ಕೆ ಹೋಗ್ತಿದೆ ಗೊತ್ತಾ? ರಾತ್ರಿ ಕಣದಿಂದ ಎರಡು ಚೀಲ ಎತ್ತಿದರೆ ನಷ್ಟ ನಿನ್ನದಾ ನನ್ನದಾ? ನನ್ನ ಜಾಗ, ನನ್ನ ಕ್ಯಾಮೆರಾ. ನೆಟ್‌ಗೂ ಹೋಗೋಲ್ಲ.

ಅರೇಹಳ್ಳಿ ಹುಡುಗ
ಕಾಣುತ್ತಾ ಇಲ್ವಾ ಅಂತ ಕೇಳಿದ್ದು. ರೇಟ್ ಕೇಳಿಲ್ಲ.

ಕೇಬಲ್ ಹಾಸನ
ಕಂಡರೂ ಮುಚ್ಚಬಹುದು. ಹೆಚ್ಚಿನ ಕ್ಯಾಮೆರಾಗಳ ಸೆಟ್ಟಿಂಗ್‌ನಲ್ಲಿ ಪ್ರೈವೆಸಿ ಮಾಸ್ಕ್ ಅಂತ ಇರುತ್ತೆ. ಪರದೆ ಮೇಲೆ ಚೌಕ ಎಳೆದರೆ ಆ ಜಾಗ ಕಪ್ಪಾಗುತ್ತೆ, ರೆಕಾರ್ಡೂ ಆಗೋಲ್ಲ. ಪುಕ್ಕಟೆ. ನಾನು ಕೇಳಿದ ತೋಟದವರು ಯಾರೂ ಬೇಕು ಅಂದಿಲ್ಲ.

ಸಾಲಗಾಮೆ ರಸ್ತೆ ಮೇಷ್ಟ್ರು
2023ರ ಡೇಟಾ ರಕ್ಷಣೆ ಕಾಯ್ದೆ ಸ್ವಂತ, ಮನೆ ಬಳಕೆಗೆ ಅನ್ವಯಿಸೋಲ್ಲ. ತೋಟ ವ್ಯಾಪಾರ, ಅದನ್ನು ಮನೆ ಬಳಕೆ ಅನ್ನೋಕಾಗುತ್ತಾ? ಇನ್ನು "ನನ್ನ ಜಾಗ" ಅನ್ನುವವರಿಗೆ: ಒಂದೇ ಮನೆಯಲ್ಲಿದ್ದ ಅಣ್ಣತಮ್ಮಂದಿರ ಜಗಳದಲ್ಲಿ, ಜೊತೆಗಿರುವವರ ಒಪ್ಪಿಗೆ ಇಲ್ಲದೆ ವಾಸದ ಜಾಗದಲ್ಲಿ ಕ್ಯಾಮೆರಾ ಓಡಿಸಬಾರದು ಅಂತ ಕಲ್ಕತ್ತಾ ಹೈಕೋರ್ಟ್ 2025ರಲ್ಲಿ ಹೇಳಿತು. ಸುಪ್ರೀಂ ಕೋರ್ಟ್ ಅದರಲ್ಲಿ ಕೈಹಾಕಲಿಲ್ಲ. ಜ್ಯೋತಿನಗರದ ತಾಯಿ, ಇದನ್ನು ಮೈದುನನಿಗೆ ಕಳಿಸಿ.

ಜ್ಯೋತಿನಗರದಾಕೆ
ಕಳಿಸಿದೆ. ನೀಲಿ ಗೆರೆ ಬಂತು, ಉತ್ತರ ಇಲ್ಲ.

ಆಲ್ದೂರು ಕಣ
ಎಲ್ಲರೂ ಸೇರಿ ನನ್ನನ್ನೇ ಕಟಕಟೆಗೆ ನಿಲ್ಲಿಸಿದಿರಿ. ಸಹಾಯ ಮಾಡೋಣ ಅಂತ ಲೆಕ್ಕ ಸಮೇತ ಬರೆದರೆ ಇದು ಫಲ.

ಹೇಮಾವತಿನಗರದ ಮಗಳು
ದಯವಿಟ್ಟು ಜಗಳ ಬೇಡ. ನಾನು ಕೇಳಿದ್ದು ಅಮ್ಮನ ಅಡುಗೆಮನೆ ಬಗ್ಗೆ. ನಮ್ಮ ಮನೆಗೆ ಕಣವೂ ಇಲ್ಲ, ಸಿಡಿಲಿನ ಭಯವೂ ಅಷ್ಟಿಲ್ಲ.

ರಾತ್ರಿ ಪಾಳಿ ನರ್ಸ್
ಮಗಳೇ, ನಿಮ್ಮ ಅಮ್ಮ ಬಿದ್ದಿದ್ದು ಬಚ್ಚಲುಮನೆಯಲ್ಲಿ. ನೀವು ಕ್ಯಾಮೆರಾ ಇಡೋದು ಹಾಲ್‌ನಲ್ಲಿ. ಬಿದ್ದದ್ದು ಕಾಣೋದು ಹೇಗೆ? ಇಷ್ಟು ಜನ ಬರೆದರು, ಒಬ್ಬರೂ ಇದನ್ನು ಕೇಳಲಿಲ್ಲ. ವಾರ್ಡ್‌ಗೆ ಸೊಂಟ ಮುರಿದುಕೊಂಡು ಬರುವ ಅಜ್ಜಿಯರನ್ನು ನೋಡುವವಳು ನಾನು. ಒದ್ದೆ ನೆಲ, ಬೆಳಗಿನ ಜಾವದ ಕತ್ತಲು, ಹಿಡಿಯೋಕೆ ಏನೂ ಇಲ್ಲ. ಎಲ್ಲರದ್ದೂ ಅದೇ ಕಥೆ.

ನಮ್ಮ ಅತ್ತೆಗೆ ನಾನು ಮಾಡಿದ್ದು ಇದು. ಕಮೋಡ್ ಪಕ್ಕ, ಸ್ನಾನದ ಜಾಗದಲ್ಲಿ ಸ್ಟೀಲ್ ಹಿಡಿಕೆ, ಕೂಲಿ ಸೇರಿ 2,200. ಗಾರೆ ಕೆಲಸದವನು ಟೈಲ್ಸ್ ಒಡೆದ, ಆ ಬಣ್ಣದ ಟೈಲ್ಸ್ ಈಗ ಸಿಗೋಲ್ಲ, ಬೇರೆ ಬಣ್ಣದ್ದು ಹಾಕಿ ಅಸಹ್ಯವಾಗಿದೆ. ಇರಲಿ. ನೆಲಕ್ಕೆ ರಬ್ಬರ್ ಮ್ಯಾಟ್ 450. ವೈರ್ ಇಲ್ಲದ ಕಾಲಿಂಗ್ ಬೆಲ್ 600. ಅದರ ಗುಂಡಿ ಬಚ್ಚಲಲ್ಲಿ, ಗೋಡೆಯ ತಳದಲ್ಲಿ. ಮೇಲೆ ಇಟ್ಟರೆ ಬಿದ್ದವರ ಕೈಗೆ ಎಟುಕೋಲ್ಲ. ಗಂಟೆ ಪಕ್ಕದ ಮನೆಯಲ್ಲಿ. ಬ್ಯಾಟರಿ ಇದೆಯಾ ಅಂತ ಆಗಾಗ ಒತ್ತಿ ನೋಡಬೇಕು. ಚಿಲಕ ತೆಗೆಸಿ ಹೊರಗಿನಿಂದಲೂ ತೆಗೆಯೋಕೆ ಬರುವ ಲಾಕ್ ಹಾಕಿಸಿದೆ. ಫ್ರಿಜ್ ಬಾಗಿಲಿಗೆ 1,100ರ ಸೆನ್ಸರ್ ಅಂಟಿಸಿದ್ದೇವೆ. ಬೆಳಗ್ಗೆ ಏಳೂವರೆ ಒಳಗೆ ಹಾಲು ತೆಗೆಯದಿದ್ದರೆ ಫೋನ್‌ಗೆ ಮೆಸೇಜ್. ಚಿತ್ರ ಇಲ್ಲ, ಮಾತು ಇಲ್ಲ. ನೆಟ್ ಹೋದ ದಿನ ಸುಮ್ನೆ ಕೂತಿರುತ್ತೆ, ಆಗ ನಾನೇ ಫೋನ್ ಮಾಡ್ತೇನೆ.

ಕೇಬಲ್ ಹಾಸನ
ಆ ಸೆನ್ಸರ್ ಕಂಪನಿ ಸರ್ವರ್‌ಗೇ ಹೋಗುತ್ತೆ ಅಕ್ಕಾ. ಅಜ್ಜಿ ಎಷ್ಟು ಗಂಟೆಗೆ ಎದ್ದರು ಅನ್ನೋದು ಅವರಿಗೂ ಗೊತ್ತು.

ರಾತ್ರಿ ಪಾಳಿ ನರ್ಸ್
ಗೊತ್ತಾಗಲಿ. ಹಾಲು ಕಾಯಿಸಿದ್ದು ತಾನೇ, ಸೆರಗು ಜಾರಿದ್ದಲ್ಲವಲ್ಲ.

ಹೇಮಾವತಿನಗರದ ಮಗಳು
ಅಮ್ಮನಿಗೆ ಫೋನ್‌ನಲ್ಲಿ ಓದಿ ಹೇಳಿದೆ. ಬೆಲ್ ಇರಲಿ, ಹಿಡಿಕೆ ಇರಲಿ, ಟೈಲ್ಸ್ ಒಡೆಯುವವನು ಬೇಡ ಅಂದರು. ಅಣ್ಣ ಗೇಟ್‌ಗಾದರೂ ಒಂದು ಕ್ಯಾಮೆರಾ ಅಂತ ಹಟ ಹಿಡಿದಿದ್ದಾನೆ. ಗೇಟ್‌ಗೆ ಆದರೆ ಕೆಲಸದ ಅಕ್ಕನದ್ದೂ ತಕರಾರಿಲ್ಲ. ಆದರೆ ಅಕೌಂಟ್ ಅಮ್ಮನ ನಂಬರ್‌ನಲ್ಲೇ ತೆರೆಯೋದು. ಜ್ಯೋತಿನಗರದ ಅಕ್ಕನಿಗೆ ಥ್ಯಾಂಕ್ಸ್.

ಮೂಡಿಗೆರೆ ಹೋಮ್‌ಸ್ಟೇ
ಗೇಟ್ ಕ್ಯಾಮೆರಾಗೆ ಎದುರು ಮನೆಯವರ ಬಾಗಿಲು ಬಿತ್ತೋ, ಮುಂದಿನ ಜಗಳ ಅಲ್ಲಿಂದ ಶುರು. ಮೊದಲೇ ಹೇಳಿದ್ದೇನೆ.

ಆಲ್ದೂರು ಕಣ
ಮಾಸ್ಕ್ ಹಾಕೋದು ಯಾವ ಮೆನುವಿನಲ್ಲಿ ಕೇಬಲ್‌ನವರೇ? ನನ್ನ ಎನ್‌ವಿಆರ್‌ನಲ್ಲಿ ಕಾಣ್ತಿಲ್ಲ.

ಕೇಬಲ್ ಹಾಸನ
ಎನ್‌ವಿಆರ್‌ನಲ್ಲಿ ಸಿಗದಿದ್ದರೆ ಕಂಪ್ಯೂಟರ್ ಬ್ರೌಸರ್‌ನಲ್ಲಿ ಕ್ಯಾಮೆರಾದ ಐಪಿ ವಿಳಾಸಕ್ಕೇ ಹೋಗಿ ನೋಡಿ, ವಿಡಿಯೊ ಸೆಟ್ಟಿಂಗ್ ಕಡೆ ಇರುತ್ತೆ. ಅದಕ್ಕೆ ಪಾಸ್‌ವರ್ಡ್ ಬೇಕು. ಹಾಕಿದವನನ್ನೇ ಕೇಳಿ.

ಆಲ್ದೂರು ಕಣ
ಅವನು ಫೋನ್ ಎತ್ತುತ್ತಿಲ್ಲ. ನೀವು ಬಂದರೆ ವಿಸಿಟ್‌ಗೆ ಎಷ್ಟು?

ಕೇಬಲ್ ಹಾಸನ
ಹಾಸನದಿಂದ ಆಲ್ದೂರಿಗೆ ಅಂದರೆ 1,500. ಪೆಟ್ರೋಲ್ ಬೇರೆ.

ಆಲ್ದೂರು ಕಣ
ಪುಕ್ಕಟೆ ಅಂದಿದ್ದಿರಲ್ಲ ಮಾರಾಯ್ರೇ!