ಪವರ್ ಫಂಕ್ಷನ್, ರೂಟ್ ಫಂಕ್ಷನ್ ಗ್ರಾಫ್‌ನಲ್ಲಿ ಯಾವುದು ಮೇಲೆ ಯಾವುದು ಕೆಳಗೆ, ನೀವು ಹೇಗೆ ನೆನಪಿಟ್ಕೋತೀರ?

ಎಕ್ಸ್ ಸ್ಕ್ವೇರ್, ಎಕ್ಸ್ ಕ್ಯೂಬ್, ರೂಟ್ ಎಕ್ಸ್, ಕ್ಯೂಬ್ ರೂಟ್ ನಾಲ್ಕನ್ನೂ ಒಂದೇ ಗ್ರಾಫಲ್ಲಿ ಹಾಕಿ ಹೋಲಿಸಿ ಅಂದ್ರೆ ಪ್ರತಿ ಸಲ ಕನ್ಫ್ಯೂಸ್ ಆಗುತ್ತೆ. 1, 2, 3 ಹಾಕಿ ಟೇಬಲ್ ಮಾಡಿದ್ರೂ ಸೊನ್ನೆ ಹತ್ರ ಎಲ್ಲಾ ಕಲಸಿಹೋಗುತ್ತೆ. ಬಾಯಿಪಾಠ ಬೇಡ, ನಿಮಗೆ ಏನು ಉಪಯೋಗಕ್ಕೆ ಬಂತು ಹೇಳಿ ಪ್ಲೀಸ್.

*

ಟೇಬಲ್ಲೇ ತೊಂದರೆ ನೋಡಿ, ಅಸಲಿ ಗಲಾಟೆ ಇರೋದು 0 ಮತ್ತು 1ರ ಮಧ್ಯ, ಅಲ್ಲಿ ನಿಮ್ಮದು ಒಂದು ಪಾಯಿಂಟೂ ಇಲ್ಲ. ನಾನು ಪಾಠ ಹೇಳುವಾಗ ರೂಟ್‌ಗಳಿಗೆ ಎರಡೇ ಸಂಖ್ಯೆ ಹಿಡ್ಕೋತೀನಿ, 64 ಮತ್ತು 1/64. ಯಾಕಂದ್ರೆ 64 ಅನ್ನೋದು 8ರ ವರ್ಗನೂ ಹೌದು 4ರ ಘನನೂ ಹೌದು, ಕ್ಯಾಲ್ಕುಲೇಟರ್ ಮುಟ್ಟೋದೇ ಬೇಡ. 64ರಲ್ಲಿ ವರ್ಗಮೂಲ 8, ಘನಮೂಲ 4, ಅಂದ್ರೆ ವರ್ಗಮೂಲ ಮೇಲೆ. 1/64ಕ್ಕೆ ಬನ್ನಿ, ವರ್ಗಮೂಲ 1/8, ಘನಮೂಲ 1/4, ಈಗ ಘನಮೂಲ ಮೇಲೆ! ಪವರ್‌ಗಳೂ ಹಂಗೇ, 2ಕ್ಕೆ ಸ್ಕ್ವೇರ್ 4 ಕ್ಯೂಬ್ 8, ಅದೇ 1/2ಕ್ಕೆ ಸ್ಕ್ವೇರ್ 1/4 ಕ್ಯೂಬ್ 1/8. ರೂಟ್ ಅಂದ್ರೂ ಘಾತನೇ ತಾನೇ, 1/2, 1/3 ಅಂತ, ಹಾಗಾಗಿ ನಾಲ್ಕು ಬೇರೆ ಬೇರೆ ಗ್ರಾಫ್ ಅಂತ ತಲೆಕೆಡಿಸ್ಕೊಳ್ಳದೆ 1/3, 1/2, 1, 2, 3 ಅಂತ ಒಂದೇ ಸಾಲಲ್ಲಿ ಬರ್ಕೊಳ್ಳಿ. ಎಲ್ಲಾನೂ (0,0), (1,1) ಮೇಲೇ ಹಾದುಹೋಗುತ್ತೆ. 1ರ ಬಲಗಡೆ ಘಾತ ದೊಡ್ಡದಾದಷ್ಟೂ ಕರ್ವ್ ಮೇಲೆ, 0ಯಿಂದ 1ರೊಳಗೆ ಪೂರ್ತಿ ಉಲ್ಟಾ.

*

ಮೇಲಿನವರು ಹೇಳಿದ್ದು ಸೊನ್ನೆಯ ಬಲಗಡೆಗೆ ಮಾತ್ರ. ಎಡಗಡೆ ಕಥೆನೇ ಬೇರೆ: ಸ್ಕ್ವೇರ್ ಎರಡೂ ಕಡೆ ಮೇಲೇರುತ್ತೆ, ಕ್ಯೂಬ್ ಎಡಗಡೆ ಕೆಳಗಿಳಿಯುತ್ತೆ, ವರ್ಗಮೂಲಕ್ಕೆ ಅಲ್ಲಿ ಜಾಗನೇ ಇಲ್ಲ, ಘನಮೂಲಕ್ಕೆ ಇದೆ (-8ಕ್ಕೆ -2). ಅಂದಹಾಗೆ ಪೈಥಾನ್ ಅನ್ನೋ ಪ್ರೋಗ್ರಾಮಿಂಗ್ ಭಾಷೇಲಿ ಬ್ರಾಕೆಟ್ ಹಾಕಿ -8ರ ಘಾತ 1/3 ಕೇಳಿದ್ರೆ -2 ಬರಲ್ಲ, ಒಂದು ಕಾಂಪ್ಲೆಕ್ಸ್ ನಂಬರ್ (-1ರ ವರ್ಗಮೂಲ ಸೇರಿರೋ ಸಂಖ್ಯೆ) ಬರುತ್ತೆ. ಗಾಬರಿ ಬೀಳ್ಬೇಡಿ, ಕಾಂಪ್ಲೆಕ್ಸ್ ನಂಬರನ್ನೂ ಸೇರಿಸಿದ್ರೆ -8ಕ್ಕೆ ಮೂರು ಘನಮೂಲ ಇವೆ, ಅದು ಬೇರೆದನ್ನ ಎತ್ಕೊಂಡಿದೆ ಅಷ್ಟೇ.

*

ನನಗೆ ವರ್ಕ್ ಆಗಿದ್ದು ಹಾಳೆ ಮಡಚೋದು. ತೆಳು ಪೇಪರ್ ಮೇಲೆ ಎಕ್ಸ್ ಸ್ಕ್ವೇರ್‌ನ ಬಲಗಡೆ ಅರ್ಧ ಮಾತ್ರ ಬರೆದು, ವೈ ಈಕ್ವಲ್ಸ್ ಎಕ್ಸ್ ಗೆರೆ ಉದ್ದಕ್ಕೂ ಮಡಚಿ ಬೆಳಕಿಗೆ ಹಿಡಿದ್ರೆ ರೂಟ್ ಎಕ್ಸ್ ಕಾಣುತ್ತೆ. ಎಡಗಡೆ ಅರ್ಧನೂ ಬರೆದ್ರೆ ಒಂದು ಎಕ್ಸ್‌ಗೆ ಎರಡೆರಡು ವೈ ಬಂದು ಫಂಕ್ಷನ್ನೇ ಆಗಲ್ಲ. ಕ್ಯೂಬ್‌ನ ಪೂರ್ತಿ ಮಡಚಬಹುದು, ಏನೂ ತೊಂದರೆ ಇಲ್ಲ. ಸೊನ್ನೆ ಹತ್ರ ಕಲಸಿಹೋಗೋದಕ್ಕೂ ಇದರಲ್ಲೇ ಉತ್ತರ ಇದೆ, ಪವರ್‌ಗಳು ಅಲ್ಲಿ ಎಕ್ಸ್ ಅಕ್ಷಕ್ಕೆ ಅಂಟ್ಕೊಂಡು ಹೊರಡುತ್ತೆ, ಮಡಚಿದ ಮೇಲೆ ರೂಟ್‌ಗಳು ವೈ ಅಕ್ಷಕ್ಕೆ ಅಂಟ್ಕೊಂಡು ನೆಟ್ಟಗೆ ಏಳುತ್ತೆ. ಎರಡೂ ಅಕ್ಷಕ್ಕೆ ಒಂದೇ ಸ್ಕೇಲ್ ಇರ್ಲೇಬೇಕು, ಇಲ್ಲಾಂದ್ರೆ ಕೂಡಲ್ಲ.

*

ಕೇಳಿದ್ದು ನಾನೇ, 64ರ ಐಡಿಯಾ ಸಖತ್ತಾಗಿದೆ, ಥ್ಯಾಂಕ್ಸ್. ಇನ್ನೊಂದು ಡೌಟು, ರೂಟ್ ಎಕ್ಸ್ ಮುಂದೆ ಹೋಗ್ತಾ ಹೋಗ್ತಾ ಒಂದು ಎತ್ತರಕ್ಕೆ ನಿಂತುಬಿಡುತ್ತಾ? ನೋಡೋಕೆ ಹಂಗೇ ಇದೆ.

*

ನಿಲ್ಲಲ್ಲ, ನಿಧಾನ ಅಷ್ಟೇ. ಎತ್ತರ 100 ಮುಟ್ಟೋಕೆ ಎಕ್ಸ್ 10,000 ಆಗ್ಬೇಕು, 1,000 ಮುಟ್ಟೋಕೆ 10 ಲಕ್ಷ. ಘನಮೂಲ ಇನ್ನೂ ಸೋಮಾರಿ, ಅದೇ 1,000ಕ್ಕೆ 100 ಕೋಟಿವರೆಗೂ ಹೋಗ್ಬೇಕು, ಆದ್ರೂ ಮುಟ್ಟೇ ಮುಟ್ಟುತ್ತೆ.