ಛೇದಗಳು ಬೇರೆಯಾಗಿರುವಾಗ ಭಿನ್ನರಾಶಿಗಳನ್ನು ಕೂಡುವುದು ಹೇಗೆ?

ಪ್ರಶ್ನೆ: ನನ್ನ ಮಗಳು ಹೋಮ್‌ವರ್ಕ್‌ನಲ್ಲಿ 5/6 + 3/8 ಎಂಬ ಲೆಕ್ಕಕ್ಕೆ ಅಂಶಗಳನ್ನೂ ಛೇದಗಳನ್ನೂ ಪ್ರತ್ಯೇಕವಾಗಿ ಕೂಡಿ 8/14 ಎಂದು ಬರೆದಿದ್ದಾಳೆ. ಗುಣಾಕಾರದಲ್ಲಿ ಮೇಲಿನದನ್ನು ಮೇಲಿನದರೊಂದಿಗೆ, ಕೆಳಗಿನದನ್ನು ಕೆಳಗಿನದರೊಂದಿಗೆ ಸೇರಿಸಬಹುದಾದರೆ ಸಂಕಲನದಲ್ಲಿ ಏಕೆ ಬಾರದು ಎಂಬ ಅವಳ ಪ್ರಶ್ನೆಗೆ ನಾನು ಹೇಗೆ ಉತ್ತರಿಸಲಿ?

ಉತ್ತರ 1: ನಿಯಮವನ್ನು ಹೇಳುವ ಮೊದಲು ಅವಳ ಉತ್ತರವನ್ನೇ ಪರೀಕ್ಷಿಸಲು ಬಿಡಿ. 8/14 ಎಂಬುದು 5/6ಕ್ಕಿಂತ ಚಿಕ್ಕದು. ಒಂದಿಷ್ಟು ಸೇರಿಸಿದ ಮೇಲೆ ಮೊತ್ತ ಕಡಿಮೆಯಾಗಲು ಸಾಧ್ಯವೇ ಎಂದು ಕೇಳಿದರೆ ತಪ್ಪು ಅವಳಿಗೇ ಕಾಣುತ್ತದೆ. ಛೇದವು ತುಂಡಿನ ಗಾತ್ರವನ್ನು ಹೇಳುತ್ತದೆ, ಅಂಶವು ಅಂತಹ ತುಂಡುಗಳೆಷ್ಟು ಎಂಬುದನ್ನು. ಆದ್ದರಿಂದ ಗಾತ್ರವನ್ನು ಒಂದೇ ಮಾಡಿಕೊಳ್ಳದೆ ಎಣಿಸುವಂತಿಲ್ಲ. 6 ಮತ್ತು 8ರ ಲ.ಸಾ.ಅ. (ಲಘುತಮ ಸಾಮಾನ್ಯ ಅಪವರ್ತ್ಯ, ಅಂದರೆ ಎರಡರಿಂದಲೂ ಶೇಷವಿಲ್ಲದೆ ಭಾಗವಾಗುವ ಅತಿ ಚಿಕ್ಕ ಸಂಖ್ಯೆ) 24. ಹಾಗಾಗಿ 5/6ರ ಅಂಶ, ಛೇದಗಳೆರಡನ್ನೂ 4ರಿಂದ, 3/8ರವನ್ನು 3ರಿಂದ ಗುಣಿಸಿದರೆ 20/24 + 9/24 = 29/24, ಅಂದರೆ ಒಂದು ಪೂರ್ಣ ಮತ್ತು 5/24.

ಉತ್ತರ 2: ಲ.ಸಾ.ಅ. ತೊಡಕೆನಿಸಿದರೆ ಛೇದಗಳನ್ನು ಗುಣಿಸಿ 48 ಎಂದಿಟ್ಟುಕೊಂಡರೂ ನಡೆಯುತ್ತದೆ. 40/48 + 18/48 = 58/48 ಬರುತ್ತದೆ, ಎರಡರಿಂದ ಭಾಗಿಸಿದರೆ ಅದೇ 29/24. ನನ್ನ ಅಭಿಪ್ರಾಯದಲ್ಲಿ ಆರಂಭದಲ್ಲಿ ಈ ದಾರಿಯೇ ಸುಲಭ.

ಪ್ರಶ್ನೆ ಕೇಳಿದವರು: ಮೊತ್ತ ಚಿಕ್ಕದಾದದ್ದನ್ನು ಕಂಡು ಅವಳೇ ನಕ್ಕಳು. ವ್ಯವಕಲನಕ್ಕೂ ಇದೇ ಕ್ರಮವೇ?

ಉತ್ತರ 1: ಹೌದು. 20/24ರಿಂದ 9/24 ಕಳೆದರೆ 11/24 ಉಳಿಯುತ್ತದೆ.