ಕ್ರೂಸ್‌ಗೆ ಹೊರಡುವ ಮುನ್ನ ಸೂಟ್‌ಕೇಸಿನಿಂದ ಏನನ್ನು ತೆಗೆದಿಡಬೇಕು?

ಕೇಳಿದವರು:
ಮುಂದಿನ ತಿಂಗಳು ಮೊದಲ ಸಲ ಕ್ರೂಸ್‌ಗೆ, ಅಂದರೆ ಹಡಗಿನ ವಿಹಾರಕ್ಕೆ, ಹೋಗುತ್ತಿದ್ದೇವೆ. ಏಳು ರಾತ್ರಿಗಳ ಪ್ರಯಾಣ. ಜೊತೆಗೆ ಎಪ್ಪತ್ತು ದಾಟಿದ ಅಮ್ಮ, ಎಂಟು ವರ್ಷದ ಮಗ. ಹಡಗಿನ ಕಂಪನಿ ಕಳುಹಿಸಿದ ನಿಷೇಧದ ಪಟ್ಟಿಯನ್ನು ಎರಡು ಸಲ ಓದಿದೆ. ಬಂದೂಕು, ಪಟಾಕಿ ಬೇಡವೆಂದರೆ ಅರ್ಥವಾಗುತ್ತದೆ. ಆದರೆ ಇಸ್ತ್ರಿ ಪೆಟ್ಟಿಗೆ, ಎಕ್ಸ್‌ಟೆನ್ಷನ್ ಬೋರ್ಡ್ ಏಕೆ ಬೇಡ? ವಿಮಾನಕ್ಕೆ ಕೊಟ್ಟ ಸೂಟ್‌ಕೇಸಿನಲ್ಲಿ ಇವು ಸಲೀಸಾಗಿ ಹೋಗುತ್ತವಲ್ಲ? ಅಮ್ಮ ಮಂಡಿನೋವಿಗೆ ರಾತ್ರಿ ವಿದ್ಯುತ್ ಶಾಖದ ಪ್ಯಾಡ್ ಇಟ್ಟುಕೊಳ್ಳುತ್ತಾರೆ; ಅದರದೇ ನನಗೆ ದೊಡ್ಡ ಚಿಂತೆ. ಹೋಗಿ ಬಂದವರು ದಯವಿಟ್ಟು ತಿಳಿಸಿ.

ನಾಲ್ಕು ಬಾರಿ ಹೋಗಿ ಬಂದವಳು:
ಮೊದಲ ಪ್ರಯಾಣದಲ್ಲೇ ಕೆಟಲ್ ಒಯ್ದು ಸಿಕ್ಕಿಬಿದ್ದವಳು ನಾನು, ಹಾಗಾಗಿ ನಾನೇ ಮೊದಲು ಹೇಳುತ್ತೇನೆ. ದೊಡ್ಡ ಸೂಟ್‌ಕೇಸ್‌ಗಳನ್ನು ಬಂದರಿನಲ್ಲೇ ಸಿಬ್ಬಂದಿಯ ಕೈಗೆ ಕೊಟ್ಟು ಹಡಗು ಹತ್ತಬೇಕು. ಅವು ಎಕ್ಸ್‌ರೇ ದಾಟಿ ಕ್ಯಾಬಿನ್ ಬಾಗಿಲಿಗೆ ಬರುವಾಗ ಸಂಜೆಯಾಗುತ್ತದೆ. ಮನೆಯವರೆಲ್ಲರ ಪೆಟ್ಟಿಗೆ ಬಂತು, ನನ್ನದು ಬರಲಿಲ್ಲ. ಕೆಳಗಿನ ಡೆಕ್ಕಿನ ಭದ್ರತಾ ಕೋಣೆಗೆ ಬರುವಂತೆ ಫೋನ್ ಬಂತು. ಹೋಗಿ ನೋಡಿದರೆ ನನ್ನಂತೆಯೇ ಬಂದವರ ಉದ್ದನೆಯ ಸಾಲು. ಮೇಜಿನ ಮೇಲೆ ಇಸ್ತ್ರಿ ಪೆಟ್ಟಿಗೆಗಳು, ಮದ್ಯದ ಬಾಟಲಿಗಳು, ಎಕ್ಸ್‌ಟೆನ್ಷನ್ ಬೋರ್ಡುಗಳು. ಯಾರೂ ಒರಟಾಗಿ ಮಾತನಾಡಲಿಲ್ಲ. ಕೆಟಲನ್ನು ನನ್ನ ಕೈಯಿಂದಲೇ ತೆಗೆಸಿ, ಚೀಟಿ ಕೊಟ್ಟರು. ಇಳಿಯುವ ದಿನ ಅದು ನನಗೆ ಮರಳಿ ಸಿಕ್ಕಿತು. ಆದರೆ ಆ ಸಾಲಿನಲ್ಲಿ ನಿಂತಿರುವಾಗಲೇ ಹಡಗು ದಡ ಬಿಟ್ಟಿತು. ಆ ಕ್ಷಣವನ್ನು ಮೇಲಿನ ಡೆಕ್ಕಿನಲ್ಲಿ ನಿಂತು ನೋಡಬೇಕೆಂದು ತಿಂಗಳುಗಟ್ಟಲೆ ಕಾದಿದ್ದೆ. ಅದು ಇಂದಿಗೂ ಮನಸ್ಸಿನಲ್ಲಿ ಉಳಿದಿದೆ.

ನಾನು ಕಂಡುಕೊಂಡ ಲೆಕ್ಕ ಇಷ್ಟು: ಬಿಸಿಯಾಗುವುದೇ ಯಾವುದರ ಕೆಲಸವೋ ಅದನ್ನು ಮನೆಯಲ್ಲೇ ಬಿಡಿ. ಕೆಟಲ್, ಇಸ್ತ್ರಿ ಪೆಟ್ಟಿಗೆ, ಬಟ್ಟೆಗೆ ಹಬೆ ಹಿಡಿಸುವ ಸ್ಟೀಮರ್, ನೀರು ಕಾಯಿಸುವ ಕಾಯಿಲ್, ಕಾಫಿ ಯಂತ್ರ, ಎಲ್ಲವೂ ಇದರಲ್ಲಿ ಬಂದವು. ಹೇರ್ ಡ್ರೈಯರ್, ಕೂದಲು ನೇರ ಮಾಡುವ ಸಾಧನಗಳಿಗೆ ಮಾತ್ರ ಹೆಚ್ಚಿನ ಕಂಪನಿಗಳು ಒಪ್ಪುತ್ತವೆ. ಮೇಣದಬತ್ತಿ, ಊದುಬತ್ತಿ ಎಲ್ಲಿಯೂ ಇಲ್ಲ. ಬಟ್ಟೆಯ ಸುಕ್ಕಿನ ಚಿಂತೆಯಿದ್ದರೆ ಹಡಗಿನಲ್ಲಿ ಸ್ವಯಂ ಸೇವೆಯ ಲಾಂಡ್ರಿ ಇದೆಯೇ ಎಂದು ಮೊದಲೇ ವಿಚಾರಿಸಿ. ಇದ್ದರೆ ಸಾಮಾನ್ಯವಾಗಿ ಇಸ್ತ್ರಿಯೂ ಅಲ್ಲೇ ಇರುತ್ತದೆ.

ಇಷ್ಟು ಕಟ್ಟುನಿಟ್ಟು ಏಕೆಂದು ನನಗೂ ಆಗ ಸಿಟ್ಟು ಬಂದಿತ್ತು. ಆಮೇಲೆ 2006ರ ಮಾರ್ಚ್ 23ರಂದು ಕೆರಿಬಿಯನ್ ಸಮುದ್ರದಲ್ಲಿ ಸ್ಟಾರ್ ಪ್ರಿನ್ಸೆಸ್ ಹಡಗಿಗೆ ಬಿದ್ದ ಬೆಂಕಿಯ ಬಗ್ಗೆ ಓದಿದೆ. ಒಂದು ಬಾಲ್ಕನಿಯಲ್ಲಿ ಹೊತ್ತಿಕೊಂಡದ್ದು ಮೇಲಿನ ಡೆಕ್ಕುಗಳಿಗೂ ಅಕ್ಕಪಕ್ಕಕ್ಕೂ ಹಬ್ಬಿತು. ಒಬ್ಬ ಪ್ರಯಾಣಿಕರು ತೀರಿಕೊಂಡರು. 79 ಕ್ಯಾಬಿನ್‌ಗಳು ಬಳಸಲಾಗದಷ್ಟು ಹಾಳಾದವು. ಆರದೆ ಎಸೆದ ಸಿಗರೇಟಿನ ತುಂಡೇ ಬಹುಶಃ ಕಾರಣವೆಂದು ತನಿಖೆ ಹೇಳಿತು. ನಡುಸಮುದ್ರಕ್ಕೆ ಅಗ್ನಿಶಾಮಕ ವಾಹನ ಬರುವುದಿಲ್ಲ. ಊಟ ಬಡಿಸುವ, ಹಾಸಿಗೆ ಸರಿಪಡಿಸುವ ಸಿಬ್ಬಂದಿಯಲ್ಲೇ ಕೆಲವರು ಆಗ ಬೆಂಕಿಯ ಎದುರು ನಿಲ್ಲಬೇಕು. ಇದನ್ನು ತಿಳಿದ ಮೇಲೆ ಕೆಟಲ್ ವಿಷಯದಲ್ಲಿ ನನಗೆ ತಕರಾರು ಉಳಿಯಲಿಲ್ಲ.

ಹಡಗುಗಳಲ್ಲಿ ವಿದ್ಯುತ್ ಕೆಲಸ ಮಾಡಿದವನು:
ಎಕ್ಸ್‌ಟೆನ್ಷನ್ ಬೋರ್ಡಿನ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ, ಏಕೆಂದರೆ ಇದನ್ನು ಬಹಳ ಜನ ಸುಮ್ಮನೆ ಕಿರಿಕಿರಿಯ ನಿಯಮವೆಂದು ತಿಳಿದಿದ್ದಾರೆ. ಮನೆಯ ವೈರಿಂಗ್‌ನಲ್ಲಿ ಎರಡು ತಂತಿಗಳ ಪೈಕಿ ಒಂದರಲ್ಲಿ ಮಾತ್ರ ವಿದ್ಯುತ್ ಒತ್ತಡವಿರುತ್ತದೆ; ಇನ್ನೊಂದು, ಅಂದರೆ ನ್ಯೂಟ್ರಲ್, ನೆಲಕ್ಕೆ ಜೋಡಣೆಯಾಗಿರುತ್ತದೆ. ಹಡಗುಗಳಲ್ಲಿ ಬಹುಮಟ್ಟಿಗೆ ಹಾಗಿರುವುದಿಲ್ಲ. ಒಂದು ಕಡೆ ದೋಷವಾದರೂ ಇಡೀ ವ್ಯವಸ್ಥೆ ನಿಂತುಹೋಗಬಾರದೆಂದು ಎರಡೂ ತಂತಿಗಳನ್ನು ಹಡಗಿನ ಉಕ್ಕಿನ ಒಡಲಿನಿಂದ ಬೇರೆಯಾಗಿಯೇ ಇಟ್ಟಿರುತ್ತಾರೆ. ಎರಡರಲ್ಲೂ ಒತ್ತಡವಿರುತ್ತದೆ.

ಈಗ ಸರ್ಜ್ ಪ್ರೊಟೆಕ್ಟರ್, ಅಂದರೆ ವಿದ್ಯುತ್ ಒತ್ತಡ ಹಠಾತ್ತನೆ ಏರಿದಾಗ ಸಾಧನಗಳನ್ನು ಕಾಯುವ ವ್ಯವಸ್ಥೆ, ಇರುವ ಬೋರ್ಡನ್ನು ಅಲ್ಲಿ ಚುಚ್ಚಿದಿರೆಂದುಕೊಳ್ಳಿ. ಅದರೊಳಗಿನ ರಕ್ಷಣಾ ಬಿಡಿಭಾಗ ತಂತಿಗೂ ಅರ್ಥಿಂಗ್‌ಗೂ ನಡುವೆ ಕುಳಿತಿರುತ್ತದೆ. ಹಡಗಿನ ಬೇರೆಲ್ಲೋ ಒಂದು ತಂತಿ ಒಡಲಿಗೆ ತಗುಲಿದರೆ, ಆ ಪುಟ್ಟ ಭಾಗದ ಮೇಲೆ ಅದು ತಾಳಲಾಗದ ಒತ್ತಡ ಬಿದ್ದು, ಕಾದು ಹೊತ್ತಿಕೊಳ್ಳಬಹುದು. ಆಗ ಬೋರ್ಡ್ ಒಂದು ತಂತಿಯ ಸಂಪರ್ಕವನ್ನಷ್ಟೇ ಕಡಿದರೆ ಇನ್ನೊಂದರಲ್ಲಿ ವಿದ್ಯುತ್ ಉಳಿದೇ ಇರುತ್ತದೆ. ಅಮೆರಿಕದ ಕರಾವಳಿ ಕಾವಲು ಪಡೆ 2013ರಲ್ಲಿ ಇದರ ಬಗ್ಗೆಯೇ ಎಚ್ಚರಿಕೆ ಪ್ರಕಟಿಸಿತು. ಮೊಬೈಲ್‌ಗಳಿಗೆ ಯುಎಸ್‌ಬಿ ಕಿಂಡಿಗಳಷ್ಟೇ ಇರುವ, ಸರ್ಜ್ ರಕ್ಷಣೆಯಿಲ್ಲದ ಚಾರ್ಜರ್ ಒಯ್ಯಿರಿ. ಪವರ್ ಬ್ಯಾಂಕ್ ಸಾಮಾನ್ಯವಾಗಿ ತೊಂದರೆಯಿಲ್ಲ.

ತಂದೆಯನ್ನು ಕರೆದೊಯ್ದವಳು:
ಒಂದು ಸೇರಿಸಬೇಕು. ನಮ್ಮ ತಂದೆ ನಿದ್ರೆಯಲ್ಲಿ ಉಸಿರಾಟಕ್ಕೆ ಸಿಪ್ಯಾಪ್ ಯಂತ್ರ ಬಳಸುತ್ತಾರೆ. ವೈದ್ಯಕೀಯ ಉಪಕರಣಗಳಿಗೆ ಅವಕಾಶವಿದೆ, ಆದರೆ ಮೊದಲೇ ತಿಳಿಸಬೇಕು. ನಾವು ಕೆಲವು ವಾರ ಮುಂಚೆ ವಿಶೇಷ ಅಗತ್ಯಗಳ ವಿಭಾಗಕ್ಕೆ ಬರೆದೆವು. ಹಾಸಿಗೆಯವರೆಗೆ ತಲುಪುವ ತಂತಿಯನ್ನು ಹಡಗಿನವರೇ ಒದಗಿಸಿದರು. ಔಷಧಿಗಳನ್ನು ಮೂಲ ಪೊಟ್ಟಣದಲ್ಲೇ, ವೈದ್ಯರ ಚೀಟಿಯೊಂದಿಗೆ, ಕೈಚೀಲದಲ್ಲಿ ಇಡಿ. ಪಾಸ್‌ಪೋರ್ಟ್ ಕೂಡ. ದೊಡ್ಡ ಪೆಟ್ಟಿಗೆ ಸಂಜೆಯವರೆಗೆ ಕೈಗೆ ಸಿಗುವುದಿಲ್ಲವೆಂದು ಮೇಲೆ ಹೇಳಿದ್ದಾರಲ್ಲ, ಮಧ್ಯಾಹ್ನದ ಮಾತ್ರೆ ಅದರೊಳಗಿದ್ದರೆ ಕಷ್ಟ. ಗಾಂಜಾ ಮೂಲದ ಎಣ್ಣೆ, ಸಿಬಿಡಿ ಮುಂತಾದವನ್ನು ನಿಮ್ಮ ಊರಿನ ಕಾನೂನು ಒಪ್ಪಿದರೂ ಹೆಚ್ಚಿನ ಹಡಗುಗಳು ಒಪ್ಪುವುದಿಲ್ಲ, ನೋವಿಗೆಂದು ಹೇಳಿದರೂ ಸಹ.

ಬಂದರುಗಳಲ್ಲಿ ಪಾಠ ಕಲಿತವನು:
ಹಡಗಿನ ಪಟ್ಟಿಯಷ್ಟನ್ನೇ ನೋಡಬೇಡಿ, ಹಡಗು ನಿಲ್ಲುವ ದೇಶಗಳ ಕಾನೂನನ್ನೂ ನೋಡಿ. ಬಾರ್ಬಡೋಸ್, ಜಮೈಕಾ, ಸೇಂಟ್ ಲೂಸಿಯಾಗಳಲ್ಲಿ ಸೈನಿಕರ ಮಾದರಿಯ ಮಚ್ಚೆಬಣ್ಣದ ಬಟ್ಟೆಯನ್ನು ಸಾಮಾನ್ಯರು ತೊಡುವುದೇ ಅಪರಾಧ, ಮಕ್ಕಳಿಗೂ ವಿನಾಯಿತಿಯಿಲ್ಲ. ನನ್ನ ಮಗಳ ಟೋಪಿಯ ಮೇಲೆ ಅಂಥ ಬಣ್ಣವಿದ್ದುದನ್ನು ಇಳಿಯುವ ಮೆಟ್ಟಿಲ ಬಳಿ ಒಬ್ಬ ಸಿಬ್ಬಂದಿ ಗಮನಿಸಿ ಒಳಗಿಡಿಸಿದರು. ಆ ಉಪಕಾರವನ್ನು ಮರೆಯಲಾರೆ. ಹಣ್ಣು, ಮಾಂಸ, ಬೀಜಗಳ ವಿಷಯದಲ್ಲಿ ಆಸ್ಟ್ರೇಲಿಯ ಮತ್ತು ನ್ಯೂಜಿಲೆಂಡ್ ಬಹಳ ಬಿಗಿ. ಹಡಗಿನ ಊಟದ ಕೋಣೆಯಿಂದ ಚೀಲಕ್ಕೆ ಹಾಕಿಕೊಂಡ ಒಂದು ಸೇಬನ್ನು ಘೋಷಿಸದೆ ದಡಕ್ಕೆ ಒಯ್ದರೂ ದಂಡ ಬೀಳಬಹುದು. ಹೊರಗಿನ ಕೀಟ, ರೋಗ ತಮ್ಮ ಬೆಳೆಗೆ ಬರಬಾರದೆಂಬ ಅವರ ಕಾಳಜಿ ನ್ಯಾಯವಾದದ್ದೇ. ಮುಚ್ಚಿದ ಪೊಟ್ಟಣದ ತಿಂಡಿಯನ್ನು ಹಡಗಿನಲ್ಲೇ ತಿನ್ನಲು ಒಯ್ಯಬಹುದು, ಮನೆಯಲ್ಲಿ ಮಾಡಿದ್ದನ್ನು ಅನೇಕ ಕಂಪನಿಗಳು ಬಿಡುವುದಿಲ್ಲ.

ಇನ್ನು ಮದ್ಯ: ಹತ್ತುವ ದಿನ ವಯಸ್ಕರಿಗೆ 750 ಮಿಲಿಲೀಟರಿನ ಒಂದು ವೈನ್ ಬಾಟಲಿಗೆ ಹಲವು ಕಂಪನಿಗಳು ಒಪ್ಪುತ್ತವೆ. ದಾರಿಯ ಬಂದರಿನಲ್ಲಿ ಕೊಂಡದ್ದನ್ನು ಸಾಮಾನ್ಯವಾಗಿ ತೆಗೆದಿಟ್ಟುಕೊಂಡು ಕೊನೆಗೆ ಕೊಡುತ್ತಾರೆ. ಚಾಕುವಿನ ಅಲಗು 4 ಇಂಚಿಗಿಂತ ಉದ್ದವಿದ್ದರೆ ಬಹುತೇಕ ಕಡೆ ಬೇಡ.

ಕೇಳಿದವರು:
ಎಲ್ಲರಿಗೂ ಮನಃಪೂರ್ವಕ ಧನ್ಯವಾದ. ಮಗನ ಹಸಿರು ಮಚ್ಚೆಯ ಅಂಗಿಯನ್ನು ಈಗಲೇ ತೆಗೆದಿಟ್ಟೆ. ಅವನ ಡ್ರೋನ್, ಆಟದ ಪಿಸ್ತೂಲು? ಅಮ್ಮನ ಪ್ಯಾಡ್?

ನಾಲ್ಕು ಬಾರಿ ಹೋಗಿ ಬಂದವಳು:
ಡ್ರೋನ್, ಪಿಸ್ತೂಲು ಎರಡನ್ನೂ ಮನೆಯಲ್ಲೇ ಬಿಡಿ. ಡ್ರೋನನ್ನು ಕೆಲವರು ಒಳಗೆ ಬಿಡುವುದೇ ಇಲ್ಲ, ಕೆಲವರು ದಡದಲ್ಲಿ ಬಳಸಲು ಮಾತ್ರ ಕೊಡುತ್ತಾರೆ. ನಿಜದಂತೆ ಕಾಣುವ ಆಟದ ಆಯುಧ ಎಕ್ಸ್‌ರೇಯಲ್ಲಿ ಕಂಡರೆ ನೀವೂ ಆ ಸಾಲಿನಲ್ಲಿ ನಿಲ್ಲಬೇಕಾಗುತ್ತದೆ.

ಪ್ಯಾಡ್ ಬಿಸಿಯಾಗುವ ಸಾಧನ, ಆದ್ದರಿಂದ ಹೇಳದೆ ಒಯ್ದರೆ ತೆಗೆದಿಟ್ಟುಕೊಳ್ಳುವ ಸಾಧ್ಯತೆಯೇ ಹೆಚ್ಚು. ವೈದ್ಯರ ಪತ್ರದೊಂದಿಗೆ ಇವತ್ತೇ ಕಂಪನಿಗೆ ಬರೆದು ಅನುಮತಿ ಕೇಳಿ, ಉತ್ತರವನ್ನು ಮುದ್ರಿಸಿ ಕೈಚೀಲದಲ್ಲಿಡಿ. ಅವರು ಒಪ್ಪದಿದ್ದರೂ ಅಮ್ಮನಿಗೆ ಶಾಖ ತಪ್ಪುವುದಿಲ್ಲ. ರಬ್ಬರಿನ ಬಿಸಿನೀರಿನ ಚೀಲವನ್ನು ಖಾಲಿಯಾಗಿ ಮಡಚಿ ಒಯ್ಯಿರಿ. ನನ್ನ ಅತ್ತೆಯವರಿಗೆ ನಾವು ಹಾಗೆಯೇ ಮಾಡಿದೆವು. ಮಲಗುವ ಮುನ್ನ ಕ್ಯಾಬಿನ್ ನೋಡಿಕೊಳ್ಳುವವರನ್ನು ಕೇಳಿದರೆ ಫ್ಲಾಸ್ಕಿನಲ್ಲಿ ಬಿಸಿನೀರು ತಂದುಕೊಡುತ್ತಿದ್ದರು. ಮೂರನೆಯ ರಾತ್ರಿಯಿಂದ ನಾವು ಕೇಳುವ ಮೊದಲೇ ಫ್ಲಾಸ್ಕ್ ಮೇಜಿನ ಮೇಲೆ ಇರುತ್ತಿತ್ತು.